ಹದ ಬರುವ ಮೊದಲೇ ಕೊಳ್ಳಿ ಎಳೆಯುವುದು: ಮನೆಯ ಎಸ್ಪ್ರೆಸೊ ಮಷೀನಿಗೆ ಪಿಐಡಿ

(ಶಿರಸಿಯಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತು ಇದು. ಮೇಜಿನ ಮೇಲೆ ಮಷೀನ್ ಇಟ್ಟುಕೊಂಡು, ನಡುನಡುವೆ ಅದನ್ನೇ ತೋರಿಸುತ್ತ ಮಾತಾಡಿದ್ದೆ. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಸಭೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಕೊನೆಯಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮೊದಲು ಈ ಮಷೀನಿನ ಸ್ವಿಚ್ ಹಾಕಿಬಿಡುತ್ತೇನೆ. ಮುಂದಿನ ಸಾಲಿನಲ್ಲಿ ಕೂತವರಿಗೆ ಈ ಕೆಂಪು ಅಂಕಿ ಕಾಣುತ್ತಿರಬೇಕು. ಈಗ 27 ಇದೆ. ಅಂದ್ರೆ ಒಳಗಿನ ಬಾಯ್ಲರ್ ಈ ಕೋಣೆಯಷ್ಟೇ ತಣ್ಣಗಿದೆ. ಅದರ ಕೆಳಗೆ ಹಸಿರು ಬಣ್ಣದಲ್ಲಿ 105 ಇದೆ. ಅದು ನಾನು ಹಾಕಿಟ್ಟ ಗುರಿ. 27ರಿಂದ 105ಕ್ಕೆ ಹೋಗುವುದು ದೊಡ್ಡ ಮಾತಲ್ಲ, ಯಾವ ಒಲೆಯೂ ಅದನ್ನು ಮಾಡುತ್ತದೆ. 105ಕ್ಕೆ ಹೋಗಿ ಅಲ್ಲೇ ನಿಲ್ಲುವುದು ಕಷ್ಟ. ಇವತ್ತಿನ ಮಾತೆಲ್ಲ ಆ ನಿಲ್ಲುವುದರ ಬಗ್ಗೆ.

ನನ್ನ ಕೆಲಸ ಮೋಟರ್ ರಿವೈಂಡಿಂಗ್, ಪಂಪ್‌ಸೆಟ್ಟಿನ ಸ್ಟಾರ್ಟರ್ ರಿಪೇರಿ. ಕಾಫಿಯ ಹುಚ್ಚು ತೋಟದಿಂದ ಬಂತು. ನಮ್ಮ ಅಡಿಕೆ ತೋಟದಲ್ಲಿ ಮರಗಳ ನಡುವೆ ಅಪ್ಪಯ್ಯ ನೆಟ್ಟ ಕಾಫಿ ಗಿಡಗಳಿವೆ. ವರ್ಷಕ್ಕೆ ಮನೆಗಾಗಿ ಮಿಕ್ಕುವಷ್ಟು ಬೀಜ ಬರುತ್ತದೆ. ನಮ್ಮದೇ ಮಣ್ಣಿನ ಈ ಬೀಜದ ನಿಜವಾದ ರುಚಿ ಏನು ಅಂತ ತಿಳಿಯುವ ಆಸೆ ನನಗೆ ಬಹಳ ದಿನದಿಂದ ಇತ್ತು. ಫಿಲ್ಟರ್ ಕಾಫಿಗೆ ಹಾಲು, ಸಕ್ಕರೆ, ಚಿಕೋರಿ ಎಲ್ಲ ಸೇರುತ್ತವೆ. ಅದು ಒಳ್ಳೆಯ ರುಚಿಯೇ, ದಿನಾ ಕುಡಿಯುತ್ತೇನೆ. ಆದರೆ ಬೀಜ ಏನು ಹೇಳುತ್ತಿದೆ ಅನ್ನುವುದು ಅದರಲ್ಲಿ ಕೇಳಿಸುವುದಿಲ್ಲ. ಅದಕ್ಕೇ ಸೆಕೆಂಡ್ ಹ್ಯಾಂಡ್‌ನಲ್ಲಿ ಈ ಮಷೀನ್ ತಂದೆ. ಸಣ್ಣದು, ಒಂದೇ ಬಾಯ್ಲರ್, 1200 ವ್ಯಾಟಿನ ಹೀಟರ್, ಸುಮಾರು 300 ಮಿಲಿ ನೀರು ಹಿಡಿಯುವ ಹಿತ್ತಾಳೆಯ ಪಾತ್ರೆ.

ತಂದ ವಾರದಲ್ಲೇ ಗೊಂದಲ ಶುರುವಾಯಿತು. ಒಂದೇ ಡಬ್ಬಿಯ ಪುಡಿ, ಒಂದೇ ತೂಕ, ಒಂದೇ ಕೈ. ಆರು ಗಂಟೆಗೆ ಮಾಡಿದ ಕಾಫಿ ಹುಳಿ. ಆರೂ ಹತ್ತಕ್ಕೆ ಮಾಡಿದ್ದು ಕಹಿ, ನಾಲಿಗೆ ಹಿಡಿಯುವಂಥ ಕಹಿ. ನಾಳೆ ಅದೇ ಹೊತ್ತಿಗೆ ಮಾಡಿದರೆ ಮೂರನೇ ರುಚಿ. ಬೀಜ ಸರಿ ಇಲ್ವಾ? ಹುರಿದಿದ್ದು ಜಾಸ್ತಿ ಆಯ್ತಾ? ಪುಡಿ ನುಣ್ಣಗಾಯ್ತಾ? ಯಾವುದನ್ನು ಅನುಮಾನಿಸಬೇಕು ಅಂತಲೇ ಗೊತ್ತಾಗುತ್ತಿರಲಿಲ್ಲ. ಎಲ್ಲವೂ ಒಟ್ಟಿಗೆ ಅಲ್ಲಾಡುತ್ತಿದ್ದರೆ ಯಾವುದು ತಪ್ಪಿದೆ ಅಂತ ಹೇಗೆ ಹೇಳುವುದು? ಬಿಸಿಯನ್ನು ಒಂದೇ ಕಡೆ ನಿಲ್ಲಿಸುವ, ಈ ಅಂಕಿ ತೋರಿಸುವ ಉಪಕರಣ ಕೂರಿಸಲು ಹೊರಟಿದ್ದು ಒಂದು ಅನುಮಾನವನ್ನಾದರೂ ಕಡಿಮೆ ಮಾಡಿಕೊಳ್ಳಬೇಕು ಅಂತ.

ಎಸ್ಪ್ರೆಸೊ ಗೊತ್ತಿಲ್ಲದವರಿಗೆ ಎರಡು ಮಾತು. 18 ಗ್ರಾಂ ಪುಡಿಯನ್ನು ಒತ್ತಿ ಕೂರಿಸಿ, ಸುಮಾರು 9 ಬಾರ್ ಒತ್ತಡದಲ್ಲಿ ಬಿಸಿನೀರು ಹಾಯಿಸುತ್ತಾರೆ. ಇಪ್ಪತ್ತೈದು ಮೂವತ್ತು ಸೆಕೆಂಡಿನಲ್ಲಿ 36 ಗ್ರಾಂನಷ್ಟು ಕಾಫಿ ಇಳಿಯಬೇಕು. ನೀರಿನ ಬಿಸಿ 90ರಿಂದ 96 ಡಿಗ್ರಿಯ ಒಳಗಿರಬೇಕು. ಬಿಸಿ ಕಡಿಮೆಯಾದರೆ ಹುಳಿ ಮುಂದೆ ಬರುತ್ತದೆ, ಜಾಸ್ತಿಯಾದರೆ ಕಹಿ. ಫಿಲ್ಟರ್ ನಿಧಾನದ್ದು. ಡಿಕಾಕ್ಷನ್ ಇಳಿಯಲು ಹೊತ್ತು ಬೇಕು, ಆ ಹೊತ್ತಿನಲ್ಲಿ ಸಣ್ಣಪುಟ್ಟ ಏರುಪೇರು ಕರಗಿಹೋಗುತ್ತದೆ. ಮೂವತ್ತು ಸೆಕೆಂಡಿನ ಕೆಲಸದಲ್ಲಿ ಅಂಥ ಸಲುಗೆ ಇಲ್ಲ.

ಈಗ ಮಷೀನಿನೊಳಗೆ ಮೊದಲು ಏನಿತ್ತು ನೋಡಿ. ಇದು ಥರ್ಮೋಸ್ಟಾಟ್. ಒಂದು ರೂಪಾಯಿ ನಾಣ್ಯದಷ್ಟು ಅಗಲ. ಕೈಯಿಂದ ಕೈಗೆ ದಾಟಿಸಿ, ಎಲ್ಲರೂ ನೋಡಲಿ. ಒಳಗೆ ಎರಡು ಬೇರೆ ಬೇರೆ ಲೋಹವನ್ನು ಬೆಸೆದು ಮಾಡಿದ ಬಿಲ್ಲೆ ಇದೆ. ಬಿಸಿಯಾದಾಗ ಒಂದು ಲೋಹ ಜಾಸ್ತಿ ಹಿಗ್ಗುತ್ತದೆ, ಇನ್ನೊಂದು ಕಡಿಮೆ. ಒಂದು ಹಂತದಲ್ಲಿ ಬಿಲ್ಲೆ ಟಕ್ ಅಂತ ಮಗುಚಿಕೊಂಡು ಹೀಟರಿನ ಕರೆಂಟು ಕಡಿಯುತ್ತದೆ. ತಣ್ಣಗಾದ ಮೇಲೆ ಮತ್ತೆ ಟಕ್. ಇಸ್ತ್ರಿ ಪೆಟ್ಟಿಗೆಯಲ್ಲೂ ಇಂಥದೇ ಇರುತ್ತದೆ. ಗಟ್ಟಿ ವಸ್ತು, ವರ್ಷಗಟ್ಟಲೆ ಬಾಳುತ್ತದೆ, ಬೆಲೆಯೂ ಕಡಿಮೆ. ಆದರೆ ಇದಕ್ಕೆ ಗೊತ್ತಿರುವುದು ಎರಡೇ ಮಾತು: ಹೌದು, ಇಲ್ಲ. ಗುರಿ ಎಷ್ಟು ದೂರ ಇದೆ, ಎಷ್ಟು ವೇಗವಾಗಿ ಹತ್ತಿರ ಬರುತ್ತಿದೆ ಅನ್ನುವುದು ಇದಕ್ಕೆ ತಿಳಿಯುವುದಿಲ್ಲ. ಕಡಿಯುವ ಬಿಸಿಗೂ ಮತ್ತೆ ಕೂಡುವ ಬಿಸಿಗೂ ನಡುವೆ ಅಂತರ ಬೇರೆ ಇರಬೇಕು. ಇಲ್ಲದಿದ್ದರೆ ಟಕ್ ಟಕ್ ಅಂತ ಬಡಿದುಕೊಂಡೇ ಸವೆದುಹೋಗುತ್ತದೆ.

ಒಂದು ಸಂಜೆ ಬಾಯ್ಲರಿನ ಮೈಗೆ ಥರ್ಮೋಕಪಲ್, ಅಂದ್ರೆ ಬಿಸಿ ಅಳೆಯುವ ತಂತಿ, ಕಟ್ಟಿ, ಹತ್ತು ಸೆಕೆಂಡಿಗೊಮ್ಮೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಅರ್ಧ ಗಂಟೆ. ಕೆಳಗೆ 94ಕ್ಕೆ ಇಳಿಯುತ್ತಿತ್ತು, ಮೇಲೆ 113ಕ್ಕೆ ಹೋಗುತ್ತಿತ್ತು. ಹತ್ತೊಂಬತ್ತು ಡಿಗ್ರಿಯ ಉಯ್ಯಾಲೆ! ಕಾಫಿ ಕೇಳುವುದು ಒಂದೆರಡು ಡಿಗ್ರಿಯ ಶಿಸ್ತು. ನಾನು ಬಟನ್ ಒತ್ತುವಾಗ ಉಯ್ಯಾಲೆ ಯಾವ ತುದಿಯಲ್ಲಿದೆಯೋ ಅದೇ ರುಚಿ ಲೋಟಕ್ಕೆ ಬರುತ್ತಿತ್ತು.

ಮತ್ತೂ ಒಂದು ವಿಷಯ ಆ ನೋಟ್‌ಬುಕ್ಕಿನಲ್ಲಿ ಸಿಕ್ಕಿತು. ಥರ್ಮೋಸ್ಟಾಟ್ 107ರ ಹತ್ತಿರ ಕರೆಂಟು ಕಡಿದರೂ ಬಿಸಿ 113ರ ತನಕ ಏರುತ್ತಲೇ ಇತ್ತು. ಕರೆಂಟು ಇಲ್ಲ, ಆದರೂ ಏರುತ್ತಿದೆ. ಹೀಟರಿನ ಲೋಹ ಬಾಯ್ಲರಿಗಿಂತ ತುಂಬಾ ಬಿಸಿ ಇರುತ್ತದೆ. ಅದರೊಳಗೆ ತುಂಬಿಕೊಂಡ ಕಾವು ಇಳಿಯಲು ಜಾಗ ಹುಡುಕುತ್ತದೆ. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮೂರಿನ ಆಲೆಮನೆ.

ಇಲ್ಲಿರುವ ಹಲವರು ಆಲೆಮನೆ ಕಂಡವರೇ. ನಾನು ಹನ್ನೆರಡು ವರ್ಷದವನಿದ್ದಾಗ ದೊಡ್ಡಪ್ಪ ಜೋನಿಬೆಲ್ಲ ಕಾಯಿಸುತ್ತಿದ್ದರೆ ಒಲೆ ಬಾಯಲ್ಲಿ ಕೂರುವ ಕೆಲಸ ನನ್ನದು. ಕೊಪ್ಪರಿಗೆಯಲ್ಲಿ ಕಬ್ಬಿನಹಾಲು ಮೊದಲು ನೊರೆ ಬಂದು ಉಕ್ಕುತ್ತದೆ. ಆಮೇಲೆ ನೊರೆ ಕುಗ್ಗಿ, ದಪ್ಪ ಗುಳ್ಳೆ ಏಳುತ್ತದೆ. ಗುಳ್ಳೆ ಒಡೆಯುವ ಸದ್ದೇ ಬೇರೆಯಾಗುತ್ತದೆ, ತೊಪ್, ತೊಪ್ ಅಂತ. ದೊಡ್ಡಪ್ಪ ಸೌಟಿನಿಂದ ಎತ್ತಿ, ಹನಿ ಹೇಗೆ ಬೀಳುತ್ತದೆ ಅಂತ ನೋಡುತ್ತಿದ್ದ. ಹನಿ ಇನ್ನೂ ನೀರಿನ ಹಾಗೆಯೇ ಇತ್ತು. ಅಷ್ಟರಲ್ಲೇ "ತಮಾ, ಕೊಳ್ಳಿ ಎಳಿ" ಅಂದ. "ಹದ ಬಂಜಿಲ್ಯಲ" ಅಂದೆ. "ಹದ ಬಂದ್ಮೇಲೆ ಎಳದ್ರೆ ಹೋತು" ಅಂದ. ನಾನು ಉರಿಯುವ ಕೊಳ್ಳಿಗಳನ್ನು ಹಿಂದಕ್ಕೆ ಎಳೆದೆ. ಒಲೆಯ ಕೆಂಡ, ಕೊಪ್ಪರಿಗೆಯ ತಳ, ಎಲ್ಲ ಸೇರಿ ಉಳಿದ ಕಾವು ಕೊಟ್ಟವು. ಬೆಂಕಿ ಇಲ್ಲದೆಯೇ ಹದ ಬಂತು, ಬಂದಲ್ಲಿಗೇ ನಿಂತಿತು.

ಮಷೀನಿಗೆ ಬೇಕಾಗಿದ್ದು ದೊಡ್ಡಪ್ಪನ ಆ ಬುದ್ಧಿ. ನೋಡಿ, ಇಷ್ಟು ಮಾತಾಡುವುದರೊಳಗೆ ಕೆಂಪು ಅಂಕಿ 98 ದಾಟಿತು. ಈ ಸಣ್ಣ ದೀಪ ಮಿಣುಕುವುದು ಶುರುವಾಗಿದೆ, ಅಲ್ವಾ? ಇಷ್ಟೊತ್ತು ಪೂರ್ತಿ ಉರಿಯುತ್ತಿತ್ತು. ಗುರಿಗೆ ಇನ್ನೂ ಏಳು ಡಿಗ್ರಿ ಇದೆ, ಆಗಲೇ ಕೊಳ್ಳಿ ಎಳೆಯುತ್ತಿದೆ.

ಈ ಉಪಕರಣಕ್ಕೆ ಪಿಐಡಿ ಅನ್ನುತ್ತಾರೆ. ಪ್ರಪೋರ್ಷನಲ್, ಇಂಟಿಗ್ರಲ್, ಡೆರಿವೇಟಿವ್. ಹೆಸರು ಕೇಳಿ ಹೆದರಬೇಡಿ. ಇದರ ಲೆಕ್ಕ ಹುಟ್ಟಿದ್ದು ಅಡುಗೆಮನೆಯಲ್ಲೂ ಅಲ್ಲ, ಕಾರ್ಖಾನೆಯಲ್ಲೂ ಅಲ್ಲ, ಹಡಗಿನಲ್ಲಿ. ರಷ್ಯಾದಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿ ನೆಲೆಸಿದ ನಿಕೋಲಸ್ ಮಿನೋರ್ಸ್ಕಿ ಎಂಬ ಎಂಜಿನಿಯರ್ 1922ರಲ್ಲಿ ಹಡಗು ತಾನಾಗಿಯೇ ದಿಕ್ಕು ಹಿಡಿದು ಸಾಗುವ ಬಗ್ಗೆ ಬರೆದರು. ಅನುಭವಿ ನಾವಿಕ ಚುಕ್ಕಾಣಿಯನ್ನು ಹೇಗೆ ತಿರುಗಿಸುತ್ತಾನೆ ಅಂತ ಗಮನಿಸಿ, ಅದನ್ನು ಗಣಿತದಲ್ಲಿ ಇಳಿಸಿದರು. ನ್ಯೂ ಮೆಕ್ಸಿಕೊ ಎಂಬ ಅಮೆರಿಕದ ಯುದ್ಧನೌಕೆಯ ಮೇಲೆ ಅದರ ಪರೀಕ್ಷೆಯೂ ನಡೆಯಿತು.

ನಾವು ಅಷ್ಟು ದೂರ ಹೋಗಬೇಕಿಲ್ಲ. ಇಲ್ಲೇ ಶಿರಸಿಯ ಶಂಕರ ಹೊಂಡದಲ್ಲಿ ಹುಟ್ಟುವ ಅಘನಾಶಿನಿ ತದಡಿಯಲ್ಲಿ ಸಮುದ್ರ ಸೇರುತ್ತದಲ್ಲ, ಆ ಅಳಿವೆಗೆ ದೋಣಿ ಒಳಗೆ ಬರುವುದನ್ನು ನಿಂತು ನೋಡಿ. ದೋಣಿ ನಡೆಸುವ ತಾಂಡೇಲನ ಕಣ್ಣು ದಡದ ಒಂದು ಗುರುತಿನ ಮೇಲಿರುತ್ತದೆ. ದೋಣಿ ಗುರುತಿನಿಂದ ಎಷ್ಟು ಸರಿದಿದೆಯೋ ಅಷ್ಟು ಚುಕ್ಕಾಣಿ ತಿರುಗಿಸುತ್ತಾನೆ. ಜಾಸ್ತಿ ಸರಿದಿದ್ದರೆ ಜಾಸ್ತಿ, ಕಡಿಮೆ ಸರಿದಿದ್ದರೆ ಕಡಿಮೆ. ಇದು ಪಿ. ಆದರೆ ಇಳಿತದ ಹೊತ್ತು, ಹೊಳೆಯ ನೀರು ಒಂದೇ ಸಮನೆ ಪಕ್ಕಕ್ಕೆ ತಳ್ಳುತ್ತಿದೆ. ಎಷ್ಟು ತಿದ್ದಿದರೂ ದೋಣಿ ಸ್ವಲ್ಪ ಪಕ್ಕಕ್ಕೇ ಉಳಿಯುತ್ತದೆ. ಅದನ್ನು ಗಮನಿಸಿ ಅವನು ಚುಕ್ಕಾಣಿಯನ್ನು ಕಾಯಂ ಒಂದಿಷ್ಟು ಓರೆಯಾಗಿಯೇ ಹಿಡಿದಿರುತ್ತಾನೆ. ಇದು ಐ. ಹಿಂದಿನಿಂದ ಉಳಿದುಬಂದ ತಪ್ಪನ್ನು ಕೂಡಿಸಿಕೊಂಡು ಮಾಡುವ ತಿದ್ದುಪಡಿ. ಇನ್ನು ದೋಣಿಯ ಮೂತಿ ಗುರುತಿನ ಕಡೆ ಜೋರಾಗಿ ತಿರುಗುತ್ತಿದ್ದರೆ, ಗುರುತು ತಲುಪುವ ಮೊದಲೇ ಚುಕ್ಕಾಣಿ ಸಡಿಲ ಬಿಡುತ್ತಾನೆ. ಇದು ಡಿ. ದೊಡ್ಡಪ್ಪನ ಕೊಳ್ಳಿ.

ಇದೇ ಲೆಕ್ಕವನ್ನು ಬಾಯ್ಲರಿಗೆ ಹಾಕಿ. ಗುರಿ 105. ಹತ್ತು ಡಿಗ್ರಿಯ ಪಟ್ಟಿ ಇಟ್ಟುಕೊಂಡರೆ 95ರ ತನಕ ಹೀಟರ್ ಪೂರ್ತಿ ಉರಿಯುತ್ತದೆ. 100ಕ್ಕೆ ಬಂದಾಗ ಅರ್ಧ. 103ರಲ್ಲಿ ಶೇಕಡಾ 20. ಬರೀ ಪಿ ಇದ್ದರೆ 105 ಯಾವತ್ತೂ ಬರುವುದಿಲ್ಲ, ಯಾಕೆ ಗೊತ್ತಾ? ಬಾಯ್ಲರ್ ಸುಮ್ನೆ ನಿಂತಿದ್ದರೂ ಗಾಳಿಗೆ ಕಾವು ಕಳೆದುಕೊಳ್ಳುತ್ತಿರುತ್ತದೆ. ಆ ನಷ್ಟ ತುಂಬಲು 120 ವ್ಯಾಟ್ ಬೇಕು ಅಂತಿಟ್ಟುಕೊಳ್ಳಿ. ಅದು 1200ರಲ್ಲಿ ಶೇಕಡಾ 10. ಪಿ ಶೇಕಡಾ 10 ಕೊಡುವುದು 104 ಡಿಗ್ರಿಯಲ್ಲಿ. ಅಲ್ಲಿಗೆ ಬರವು ಖರ್ಚು ಸರಿಹೋಯಿತು, ಮಷೀನ್ 104ಕ್ಕೇ ಕೂತಿತು. ಆ ಒಂದು ಡಿಗ್ರಿಯ ಬಾಕಿಯನ್ನು ಐ ನಿಧಾನಕ್ಕೆ ವಸೂಲಿ ಮಾಡುತ್ತದೆ. ಇಷ್ಟು ಅರ್ಥವಾದರೆ ಪಿಐಡಿ ಅರ್ಥವಾದ ಹಾಗೆ. ಉಳಿದದ್ದೆಲ್ಲ ತಂತಿ, ಸ್ಕ್ರೂ.

ಹೀಟರಿಗೆ ಶೇಕಡಾ 10 ಕೊಡುವುದು ಅಂದ್ರೆ ವೋಲ್ಟೇಜ್ ಇಳಿಸುವುದಲ್ಲ. ಎರಡು ಸೆಕೆಂಡಿನ ಒಂದು ಸುತ್ತು ಇಟ್ಟುಕೊಂಡು, ಅದರಲ್ಲಿ 0.2 ಸೆಕೆಂಡ್ ಪೂರ್ತಿ ಕರೆಂಟು ಕೊಟ್ಟು, ಉಳಿದ 1.8 ಸೆಕೆಂಡ್ ಬಿಡುವುದು. ದೀಪ ಮಿಣುಕುವುದು ಅದಕ್ಕೇ. ಇಷ್ಟು ಬೇಗ ಬೇಗ ಹಚ್ಚಿ ಆರಿಸಲು ಮಾಮೂಲಿ ರಿಲೇ ಆಗುವುದಿಲ್ಲ, ಅದರ ಕಾಂಟ್ಯಾಕ್ಟ್ ಸುಟ್ಟುಹೋಗುತ್ತದೆ. ಸಾಲಿಡ್ ಸ್ಟೇಟ್ ರಿಲೇ, ಎಸ್‌ಎಸ್‌ಆರ್ ಬೇಕು. ಅದರಲ್ಲಿ ಅಲ್ಲಾಡುವ ಭಾಗವೇ ಇಲ್ಲ. ಇಲ್ಲಿ ನಾನೊಂದು ತಪ್ಪು ಮಾಡಿದೆ, ನೀವು ಮಾಡಬೇಡಿ. ಒಂದೇ ಥರ ಕಾಣುವ ಪಿಐಡಿ ಕಂಟ್ರೋಲರಿನಲ್ಲಿ ಎರಡು ಬಗೆ ಬರುತ್ತದೆ. ಒಂದರೊಳಗೆ ಮಾಮೂಲಿ ರಿಲೇ ಇರುತ್ತದೆ. ಇನ್ನೊಂದು ಎಸ್‌ಎಸ್‌ಆರ್ ನಡೆಸಲು ಡಿಸಿ ವೋಲ್ಟೇಜ್ ಕೊಡುತ್ತದೆ. ಡಬ್ಬಿಯ ಮೇಲಿನ ಮಾಡೆಲ್ ನಂಬರಿನ ಕೊನೆಯ ಅಕ್ಷರ ನೋಡದೆ ತರಿಸಿದೆ, ರಿಲೇಯದ್ದು ಬಂತು. ಮಾರಿದವರು ವಾಪಸ್ ತೆಗೆದುಕೊಳ್ಳಲಿಲ್ಲ. ಅದು ಈಗ ನಮ್ಮ ಅಂಗಡಿಯಲ್ಲಿ ಮೋಟರ್ ವಾರ್ನಿಷ್ ಒಣಗಿಸುವ ಪೆಟ್ಟಿಗೆಗೆ ಕೆಲಸ ಮಾಡುತ್ತಿದೆ. ಅಲ್ಲಿ ಬಿಸಿ ನಿಧಾನಕ್ಕೆ ಏರಿಳಿಯುವುದರಿಂದ ರಿಲೇ ಸಾಕಾಗುತ್ತದೆ.

ಬಿಸಿ ಅಳೆಯಲು ನಾನು ಹಾಕಿದ್ದು ಪಿಟಿ 100. ಪ್ಲಾಟಿನಂ ತಂತಿಯ ಸೆನ್ಸರ್. ಸೊನ್ನೆ ಡಿಗ್ರಿಯಲ್ಲಿ ಅದರ ರೆಸಿಸ್ಟೆನ್ಸ್ 100 ಓಮ್, 100 ಡಿಗ್ರಿಯಲ್ಲಿ 138.5 ಓಮ್. ಥರ್ಮೋಕಪಲ್ಲೂ ಹಾಕಬಹುದು, ಅಗ್ಗ. ಆದರೆ ಅದರ ತಂತಿ ಸಾಲದೆ ಮಾಮೂಲಿ ತಾಮ್ರದ ತಂತಿ ಜೋಡಿಸಿದರೆ ಲೆಕ್ಕ ತಪ್ಪುತ್ತದೆ, ತಂತಿ ಅದಲು ಬದಲಾದರೆ ಬಿಸಿ ಏರಿದಂತೆ ಅಂಕಿ ಇಳಿಯುತ್ತದೆ.

ಸೆನ್ಸರನ್ನು ಕೂರಿಸುವ ಮೊದಲು ಪರೀಕ್ಷೆ ಮಾಡಬೇಕು. ಪುಡಿ ಮಾಡಿದ ಮಂಜುಗಡ್ಡೆ ನೀರಿನಲ್ಲಿ ಅದ್ದಿದೆ, ಸೊನ್ನೆ ತೋರಿಸಿತು. ಕುದಿಯುವ ನೀರಿನಲ್ಲಿ ಹಿಡಿದೆ, 98 ತೋರಿಸಿತು. ಎರಡು ಡಿಗ್ರಿ ಕಡಿಮೆ. ಸೆನ್ಸರ್ ಕೆಟ್ಟಿದೆ ಅಂತ ಕಂಟ್ರೋಲರಿನಲ್ಲಿ ಎರಡು ಡಿಗ್ರಿ ಸೇರಿಸಲು ಹೊರಟಿದ್ದೆ. ಮಂಜುಗಡ್ಡೆಯಲ್ಲಿ ಸರಿಯಾಗಿ ತೋರಿಸಿದ್ದು ಇಲ್ಲಿ ಯಾಕೆ ತಪ್ಪಿತು ಅಂತ ಒಂದು ರಾತ್ರಿ ಯೋಚಿಸಿದೆ. ಬೆಳಗ್ಗೆ ಹೊಳೆಯಿತು. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಮೇಲೆ ಹೋದಂತೆ ಗಾಳಿಯ ಒತ್ತಡ ಕಡಿಮೆ. ಹೆಚ್ಚುಕಡಿಮೆ 300 ಮೀಟರಿಗೆ ಒಂದು ಡಿಗ್ರಿಯ ಹಾಗೆ ನೀರು ಕುದಿಯುವ ಬಿಸಿ ಇಳಿಯುತ್ತದೆ. ನಮ್ಮಲ್ಲಿ ನೀರು ಕುದಿಯುವುದೇ 98ರಲ್ಲಿ! ಸೆನ್ಸರ್ ನಿಜವನ್ನೇ ಹೇಳುತ್ತಿತ್ತು. ಆಮೇಲೆ ಕಾರವಾರದಲ್ಲಿ ಚಿಕ್ಕಮ್ಮನ ಮನೆಗೆ ಹೋದಾಗ ಅದನ್ನು ಒಯ್ದು, ಅವರ ಚಾ ಪಾತ್ರೆಯಲ್ಲಿ ಅದ್ದಿ ನೋಡಿದೆ. 100. ಘಟ್ಟ ಇಳಿದದ್ದು ಅಂಕಿಯಲ್ಲಿ ಕಂಡಿತು. ಆ ದಿನ ನನಗಾದ ಸಂತೋಷ ಇವತ್ತಿಗೂ ನೆನಪಿದೆ.

ಈಗ ಎಚ್ಚರಿಕೆಯ ಮಾತು. ಇದನ್ನು ನಿಧಾನವಾಗಿ ಹೇಳುತ್ತೇನೆ, ಮನೆಗೆ ಹೋಗಿ ಮಾಡುವವರು ಇದೊಂದನ್ನಾದರೂ ನೆನಪಿಟ್ಟುಕೊಳ್ಳಿ. ಮೊದಲ ಸಲ ನಾನು ಎಸ್‌ಎಸ್‌ಆರನ್ನು ಮಷೀನಿನ ಒಳಗೆ, ಬಾಯ್ಲರಿನ ಪಕ್ಕದ ತಗಡಿಗೆ ಎರಡೂ ಕಡೆ ಅಂಟುವ ಟೇಪಿನಿಂದ ಅಂಟಿಸಿದ್ದೆ. ಜಾಗ ಇರಲಿಲ್ಲ. ಹದಿನೈದು ದಿನ ಚೆನ್ನಾಗಿ ನಡೆಯಿತು. ಒಂದು ಬೆಳಗ್ಗೆ ಹಲ್ಲುಜ್ಜಿ ಬರುವಷ್ಟರಲ್ಲಿ ಕೆಂಪು ಅಂಕಿ 131. ಕಂಟ್ರೋಲರಿನ ದೀಪ ಆರಿದೆ, ಅಂದ್ರೆ ಅದು ಕರೆಂಟು ಬೇಡ ಅನ್ನುತ್ತಿದೆ. ಆದರೂ ಅಂಕಿ ಏರುತ್ತಿದೆ. 134, 137. ಪ್ಲಗ್ ಕಿತ್ತೆ. ಎಸ್‌ಎಸ್‌ಆರ್ ಒಳಗೇ ಕೂಡಿಕೊಂಡುಬಿಟ್ಟಿತ್ತು. ಇದು ಕೆಟ್ಟರೆ ಬಹಳ ಸಲ ಹೀಗೇ ಕೆಡುವುದು, ಆರುವ ಬದಲು ಹತ್ತಿಕೊಂಡೇ ಉಳಿಯುತ್ತದೆ. ಲೆಕ್ಕ ಹಾಕಿ: 1200 ವ್ಯಾಟಿಗೆ 230 ವೋಲ್ಟಿನಲ್ಲಿ ಐದೂ ಕಾಲು ಆಂಪಿಯರ್. ಎಸ್‌ಎಸ್‌ಆರ್ ತನ್ನೊಳಗೆ ಒಂದೂ ಕಾಲು ವೋಲ್ಟಿನಷ್ಟು ಉಳಿಸಿಕೊಳ್ಳುತ್ತದೆ. ಹೀಟರ್ ಪೂರ್ತಿ ಉರಿಯುವಾಗ ಆರೂವರೆ ವ್ಯಾಟ್ ಕಾವು ಆ ಸಣ್ಣ ಇಟ್ಟಿಗೆಯಲ್ಲೇ ಉಳಿಯುತ್ತದೆ. ಪಕ್ಕದಲ್ಲಿ ಬಾಯ್ಲರ್ ಬೇರೆ. ಈಗ ನೋಡಿ, ಹೊರಗೆ ಹಿಂಬದಿಗೆ ಅಲ್ಯೂಮಿನಿಯಂ ಹೀಟ್‌ಸಿಂಕಿನ ಮೇಲೆ ಪೇಸ್ಟ್ ಹಚ್ಚಿ ಕೂರಿಸಿದ್ದೇನೆ. ಮೇಲೆ ಮುಚ್ಚಳ ಇದೆ, ಮಕ್ಕಳ ಕೈ ತಾಗದ ಹಾಗೆ.

ಅವತ್ತು ನಾನು ನೋಡದೇ ಹೋಗಿದ್ದರೆ? ಅದಕ್ಕೇ ಕಂಪನಿಯವರು ಬಾಯ್ಲರಿಗೆ ಒಂದು ಥರ್ಮಲ್ ಫ್ಯೂಸ್ ಕೊಟ್ಟಿರುತ್ತಾರೆ. ಬಿಸಿ ಮಿತಿಮೀರಿದರೆ ಅದು ಕರಗಿ ಕರೆಂಟನ್ನು ಪೂರ್ತಿ ಕಡಿಯುತ್ತದೆ. ಅದನ್ನು ಯಾವ ಕಾರಣಕ್ಕೂ ತೆಗೆಯಬೇಡಿ, ಬೈಪಾಸ್ ಮಾಡಬೇಡಿ. ಎಸ್‌ಎಸ್‌ಆರ್, ಥರ್ಮಲ್ ಫ್ಯೂಸ್, ಹೀಟರ್ ಎಲ್ಲ ಒಂದೇ ಸಾಲಿನಲ್ಲಿ ಇರಬೇಕು. ಉಗಿಗೆ ಇರುವ ಎರಡನೇ ಥರ್ಮೋಸ್ಟಾಟನ್ನೂ ಆ ಸಾಲಿನಲ್ಲೇ ಉಳಿಸಿಕೊಂಡಿದ್ದೇನೆ, ಮೇಲಿನ ಗಡಿ ಕಾಯಲಿ ಅಂತ. ಅರ್ಥಿಂಗ್ ಸರಿ ಇರಲಿ. ಮಷೀನಿರುವ ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಂದ್ರೆ ಕರೆಂಟು ಸೋರಿದರೆ ತಾನಾಗಿ ಕಡಿಯುವ ಸ್ವಿಚ್, ಇರಲಿ. ಕೆಲಸ ಮಾಡುವಾಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತು ಕಣ್ಣೆದುರು ಇಟ್ಟುಕೊಳ್ಳಿ. ಹಳೇ ಮನೆಗಳ ವೈರಿಂಗಿನಲ್ಲಿ ಸ್ವಿಚ್ ನ್ಯೂಟ್ರಲ್ ಮೇಲಿರುವುದನ್ನು ನಾನು ಎಷ್ಟೋ ಕಡೆ ಕಂಡಿದ್ದೇನೆ. ಬಾಯ್ಲರಿನ ಹತ್ತಿರ ಮಾಮೂಲಿ ಪಿವಿಸಿ ತಂತಿ ಬೇಡ, ಸಿಲಿಕೋನ್ ಹೊದಿಕೆಯದ್ದು ಹಾಕಿ. ವೈರಿಂಗ್ ಕೆಲಸದ ಅಭ್ಯಾಸ ಇಲ್ಲದಿದ್ದರೆ ಅಭ್ಯಾಸ ಇದ್ದವರ ಹತ್ತಿರ ಮಾಡಿಸಿ. ಇದರಲ್ಲಿ ನಾಚಿಕೆಯ ಪ್ರಶ್ನೆಯೇ ಇಲ್ಲ. ಕರೆಂಟು ಮತ್ತು ನೀರು ಒಂದೇ ಪೆಟ್ಟಿಗೆಯಲ್ಲಿವೆ.

ಟ್ಯೂನಿಂಗ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪಿ, ಐ, ಡಿ ಮೂರಕ್ಕೂ ಎಷ್ಟೆಷ್ಟು ತೂಕ ಕೊಡಬೇಕು ಅನ್ನುವುದಕ್ಕೆ ಝೀಗ್ಲರ್, ನಿಕೋಲ್ಸ್ ಎಂಬಿಬ್ಬರು 1942ರಲ್ಲೇ ಒಂದು ದಾರಿ ತೋರಿಸಿದ್ದಾರೆ. ಈಗಿನ ಕಂಟ್ರೋಲರಿನಲ್ಲಿ ಆಟೊಟ್ಯೂನ್ ಇರುತ್ತದೆ. ಅದೇ ಕೆಲವು ಸಲ ಬಿಸಿಯನ್ನು ಏರಿಳಿಸಿ ನೋಡಿ ತೂಕ ಹಾಕಿಕೊಳ್ಳುತ್ತದೆ. ಬಾಯ್ಲರಿನಲ್ಲಿ ನೀರು ತುಂಬಿರಲಿ, ಅದು ಮುಗಿಯುವ ತನಕ ಪಂಪ್ ಮುಟ್ಟಬೇಡಿ. ಅಷ್ಟೆ.

ಆದರೆ ಅಂಕಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಈಗ ನೋಡಿ, 105 ಬಂದು ಎಷ್ಟೋ ಹೊತ್ತಾಯಿತು, ಅಲ್ಲಾಡಿಲ್ಲ. ಇದು ಬಾಯ್ಲರಿನ ಮೈಯ ಬಿಸಿ. ಕಾಫಿ ಮುಟ್ಟುವ ನೀರಿನದ್ದಲ್ಲ. ನೀರು ಬಾಯ್ಲರಿನಿಂದ ಹೊರಟು, ಪುಡಿಯ ಹಿಡಿಕೆ ಸಿಕ್ಕಿಸುವ ಈ ದಪ್ಪ ಲೋಹದ ಭಾಗ, ಗ್ರೂಪ್‌ಹೆಡ್, ದಾಟಿ, ಪುಡಿಗೆ ಬರುವಷ್ಟರಲ್ಲಿ ಕಾವು ಕಳೆದುಕೊಳ್ಳುತ್ತದೆ. ಥರ್ಮೋಕೋಲಿನ ಲೋಟ ಹಿಡಿದು, ಬೀಳುವ ನೀರಿಗೇ ಥರ್ಮೋಕಪಲ್ ಹಿಡಿದು ಅಳೆದೆ. ನನ್ನ ಮಷೀನಿನಲ್ಲಿ 105 ಇಟ್ಟರೆ ಲೋಟದಲ್ಲಿ 93. ನಿಮ್ಮದರಲ್ಲಿ ಬೇರೆ ಇರುತ್ತದೆ, ಅಳೆದೇ ತಿಳಿಯಬೇಕು. ಮೂರು ನಿಮಿಷಕ್ಕೆ ಅಂಕಿ 105 ಆಯಿತು ಅಂತ ಕಾಫಿ ಇಳಿಸಿದರೆ ಹುಳಿ ಕಾಫಿಯೇ ಗತಿ. ಗ್ರೂಪ್‌ಹೆಡ್ಡಿನ ಲೋಹ ಕಾಯಲು ಅರ್ಧ ಗಂಟೆ ಬೇಕು. ನಾನು ಮಾತಿನ ಮೊದಲೇ ಸ್ವಿಚ್ ಹಾಕಿದ್ದು ಇದಕ್ಕೆ.

ಕಾಫಿ ಇಳಿಯುವಾಗ ಏನಾಗುತ್ತದೆ ಅನ್ನುವುದೂ ನೋಡುವಂಥದ್ದು. 36 ಮಿಲಿ ಬಿಸಿನೀರು ಹೊರಗೆ ಹೋದರೆ ಅಷ್ಟೇ ತಣ್ಣೀರು ಒಳಗೆ ಬರುತ್ತದೆ. 27 ಡಿಗ್ರಿಯ ಆ ನೀರನ್ನು 93ಕ್ಕೆ ಏರಿಸಲು ಹತ್ತು ಸಾವಿರ ಜೂಲ್ ಬೇಕು, 1200 ವ್ಯಾಟಿನ ಹೀಟರಿಗೆ ಎಂಟು ಸೆಕೆಂಡಿನ ಕೆಲಸ. ಹಳೇ ಥರ್ಮೋಸ್ಟಾಟಿಗೆ ಈ ಸುದ್ದಿ ತಲುಪುವಾಗ ಕಾಫಿ ಇಳಿದೇ ಮುಗಿದಿರುತ್ತಿತ್ತು. ಪಿಐಡಿ ಒಂದು ಡಿಗ್ರಿ ಇಳಿದ ಕೂಡಲೇ ಎದ್ದು ಕೂರುತ್ತದೆ.

ನಮ್ಮ ಮನೆ ಕರೆಂಟಿನ ಲೈನಿನ ಕೊನೆಯಲ್ಲಿದೆ. ಮಳೆಗಾಲದ ಸಂಜೆ ಮೀಟರ್ ಹಿಡಿದರೆ 180 ವೋಲ್ಟ್. ಹೀಟರಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ, ಹಾಗಾಗಿ 1200 ವ್ಯಾಟಿನ ಹೀಟರ್ ಅವತ್ತು ಬರೀ 735 ವ್ಯಾಟಿನದ್ದು. ಬಿಸಿಯಾಗಲು ಹೊತ್ತು ಹಿಡಿಯುತ್ತದೆ, ಆದರೆ ಬಂದು ನಿಲ್ಲುವುದು ಅದೇ 105ಕ್ಕೆ. ಶೇಕಡಾ 10 ಕೊಡುವಲ್ಲಿ 16 ಕೊಡುತ್ತದೆ, ಅಷ್ಟೆ. ಹೊಳೆಯ ಸೆಳೆತ ಜಾಸ್ತಿಯಾದರೆ ತಾಂಡೇಲ ಚುಕ್ಕಾಣಿ ಇನ್ನೂ ಸ್ವಲ್ಪ ಓರೆ ಹಿಡಿದ ಹಾಗೆ.

ಇಷ್ಟೆಲ್ಲ ಆದ ಮೇಲೆ ಕಾಫಿ ಹೇಗಾಯಿತು? ಹೇಳುತ್ತೇನೆ. ಕೆಟ್ಟದ್ದೇ ಆಯಿತು. ಆದರೆ ದಿನಾ ಒಂದೇ ಥರ ಕೆಟ್ಟದ್ದು. ಲೋಟಕ್ಕೆ ಬೀಳುವ ನೀರು 91 ಆಗುವ ಹಾಗೆ ಇಟ್ಟೆ, 93 ಇಟ್ಟೆ, 95 ಇಟ್ಟೆ. ಹುಳಿ ಕಹಿ ಹೇಳಿದ ಹಾಗೆ ಏರಿಳಿಯಿತು. ಆದರೆ ಹಿಂದೊಂದು ಘಾಟು ಮಾತ್ರ ಹೋಗಲಿಲ್ಲ. ಹಿಂದೆಲ್ಲ ಆಗಿದ್ದರೆ ಮಷೀನನ್ನೇ ಬೈದು ಸುಮ್ಮನಾಗುತ್ತಿದ್ದೆ. ಈಗ ಬಿಸಿಯ ಮೇಲೆ ಅನುಮಾನ ಇಲ್ಲ. ಹುರಿಯುವುದನ್ನು ಕಡಿಮೆ ಮಾಡಿ ನೋಡಿದೆ, ಘಾಟು ಇತ್ತು. ಪುಡಿ ದಪ್ಪ ಮಾಡಿದೆ, ಇತ್ತು. ಆಯಿ ಒಂದು ದಿನ ಹಸಿ ಬೀಜದ ಚೀಲಕ್ಕೆ ಮೂಗಿಟ್ಟು, "ಇದು ಅಡಿಕೆ ಒಲೆ ಹೊಗೆ ವಾಸ್ನೆ" ಅಂದಳು. ಹೌದು! ನಮ್ಮಲ್ಲಿ ಅಡಿಕೆ ಬೇಯಿಸುವ ಹೊತ್ತಿಗೇ ಕಾಫಿಯೂ ಒಣಗುವುದು, ಅದೇ ಅಂಗಳದಲ್ಲಿ, ಅದೇ ಒಲೆಯ ಪಕ್ಕದಲ್ಲಿ. ಕಾಫಿ ಬೀಜ ಹತ್ತಿರದ ವಾಸನೆ ಹೀರಿಕೊಳ್ಳುವಂಥದ್ದು. ಎಷ್ಟು ವರ್ಷದಿಂದ ನಾವು ಹೊಗೆ ಕುಡಿದ ಬೀಜವನ್ನೇ ಒಣಗಿಸುತ್ತಿದ್ದೆವೋ. ಈ ವರ್ಷ ಕಾಫಿಯನ್ನು ಮನೆಯ ಹಿಂದಿನ ಬೇಣದಲ್ಲಿ, ಅಂದ್ರೆ ಹುಲ್ಲುಗಾವಲಿನಲ್ಲಿ, ನೆಲದಿಂದ ಎತ್ತರಕ್ಕೆ ಬಲೆ ಕಟ್ಟಿ ಒಣಗಿಸಿದೆವು.

ಪ್ರಶ್ನೆಗಳಿಗೆ ಬರೋಣ. ಸ್ಟೆಬಿಲೈಸರ್ ಬೇಕಾ ಅಂತ ಒಬ್ಬರು ಕೇಳಿದರು. ಹೀಟರಿಗೆ ಬೇಡ, ಲೆಕ್ಕ ಈಗಷ್ಟೇ ನೋಡಿದಿರಿ. ಪಂಪಿಗೆ ಬೇಕಾಗಬಹುದು. ಇಂಥ ಮಷೀನಿನಲ್ಲಿರುವುದು ನಡುಗುವ ಸಣ್ಣ ಪಂಪು. ವೋಲ್ಟೇಜ್ ಇಳಿದರೆ ಅದರ ಒತ್ತಡವೂ ಇಳಿಯುತ್ತದೆ. ಅದನ್ನು ಪಿಐಡಿ ಸರಿಮಾಡಲಾರದು.

ಕಾರವಾರದಿಂದ ಬಂದ ಅಕ್ಕ ಒಬ್ಬರು ಉಪ್ಪುಗಾಳಿಯ ಬಗ್ಗೆ ಕೇಳಿದರು. ಒಳ್ಳೆಯ ಪ್ರಶ್ನೆ. ಎಸ್‌ಎಸ್‌ಆರಿಗೆ ಕಾಂಟ್ಯಾಕ್ಟ್ ಇಲ್ಲದ್ದರಿಂದ ಅದಕ್ಕೆ ತೊಂದರೆ ಕಡಿಮೆ. ತಂತಿ ಕೂಡುವ ಜಾಗ ನೋಡಿಕೊಳ್ಳಿ, ಅಕ್ಕ. ತಂತಿಯ ತುದಿಗೆ ಹಾಕುವ ಟಿನ್ ಲೇಪದ ಲಗ್ಗುಗಳನ್ನು ಗಟ್ಟಿಯಾಗಿ ಕ್ರಿಂಪ್ ಮಾಡಿಸಿ. ವರ್ಷಕ್ಕೊಮ್ಮೆ ಮಳೆಗಾಲ ಮುಗಿದ ಮೇಲೆ ಬಿಚ್ಚಿ ನೋಡಿ. ಹಸಿರು ಹಿಡಿದಿದ್ದರೆ ಬದಲಿಸಿ. ಸಡಿಲಾದ ಲಗ್ಗು ಬಿಸಿಯಾಗಿ ಪ್ಲಾಸ್ಟಿಕ್ ಸುಡುತ್ತದೆ.

ಖರ್ಚು ಎಷ್ಟು ಅಂತ ಹಿಂದಿನಿಂದ ಕೇಳಿಸಿತು. ತಪ್ಪಾಗಿ ತರಿಸಿದ ಕಂಟ್ರೋಲರ್ ಬಿಟ್ಟರೆ ನನಗೆ ಮೂರು ಸಾವಿರ ರೂಪಾಯಿಯೊಳಗೆ ಮುಗಿಯಿತು.

ಸರಿ, ಅರ್ಧ ಗಂಟೆ ದಾಟಿತು. ಈ ಡಬ್ಬಿಯಲ್ಲಿರುವುದು ಬೇಣದಲ್ಲಿ ಒಣಗಿಸಿದ ಬೀಜ, ಮೊನ್ನೆ ಹುರಿದದ್ದು. 18 ಗ್ರಾಂ. ಪಂಪ್ ಹಾಕಿದೆ, ಅಂಕಿ ನೋಡುತ್ತಿರಿ. 105... 104... 103. ದೀಪ ಪೂರ್ತಿ ಹತ್ತಿಕೊಂಡಿತು. 103, 104. ಆಯ್ತು, ಇಪ್ಪತ್ತೇಳು ಸೆಕೆಂಡ್. ಮೊದಲ ಲೋಟ ಆಯಿಗೆ. ಅವಳು ಅಲ್ಲಿ ಮೂರನೇ ಸಾಲಿನಲ್ಲಿ ಕೂತಿದ್ದಾಳೆ, ದಾಟಿಸಿ. ಕುಡಿಯುವ ಮೊದಲು ಅವಳು ಮೂಸಿ ನೋಡುತ್ತಾಳೆ.